ಮಂಜುಗಡ್ಡೆಯ ಕೆಳಗೂ ಪಾಚಿ ಕಟ್ಟುತ್ತದೆ

ಮಾಗಿಯ ಬೆಳಗಿನಲ್ಲಿ ಕೊತ್ತತ್ತಿ ಕೆರೆ ಏರಿಯ ಮೇಲೆ ನಿಂತರೆ ನೀರಿನಿಂದ ಹೊಗೆ ಏಳುವಂತೆ ಕಾಣುತ್ತದೆ. ಮೇಲಿನ ಗಾಳಿಗಿಂತ ನೀರೇ ಬೆಚ್ಚಗಿರುವುದರಿಂದ ಹಾಗೆ. ಮಂಡ್ಯದ ಚಳಿ ಒಂದು ಕಂಬಳಿಗೆ ಬಗ್ಗುವಂಥದ್ದು; ಕೆರೆ ಹೆಪ್ಪುಗಟ್ಟುವ ಮಾತೇ ಇಲ್ಲ. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಅಕ್ಕನ ಮಗ ಮೆಂಡೋಟಾ ಸರೋವರದ ಮೇಲೆ ನಡೆದಾಡುತ್ತ ವಿಡಿಯೊ ಕರೆ ಮಾಡಿದಾಗ ಅಕ್ಕ ಗಾಬರಿಯಿಂದ ಕೇಳಿದ್ದಳು: "ಅಡೀಲಿರೋ ಮೀನು, ಪಾಚಿ ಎಲ್ಲಾ ಸತ್ತೋಗಲ್ವೇನ್ಲಾ ಮಗಾ?"

ಸಾಯುವುದಿಲ್ಲ. ನೀರಿನ ಒಂದು ವಿಚಿತ್ರ ಗುಣ ಅವನ್ನು ಕಾಯುತ್ತದೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಅತಿ ಭಾರ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೇ ಉಳಿದು ಅಲ್ಲೇ ಗಡ್ಡೆಯಾಗುತ್ತದೆ. ಕೆಳಗಿನದು ನೀರಾಗಿಯೇ ಇರುತ್ತದೆ. ಚಳಿಗೆ ಪಾಚಿಯ ಬೆಳವಣಿಗೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಅದಕ್ಕೆ ನಿಜವಾಗಿ ಬೇಕಾದದ್ದು ಬೆಳಕು.

ಅಚ್ಚ ಮಂಜುಗಡ್ಡೆ ಕಿಟಕಿಯ ಗಾಜಿದ್ದಂತೆ, ಬಿಸಿಲನ್ನು ಒಳಗೆ ಬಿಡುತ್ತದೆ. ಅದರ ಮೇಲೆ ಬೀಳುವ ಹಿಮವೇ ಪರದೆ. ಒಂದು ಗೇಣು ಹಿಮ ಕೂತರೂ ಸಾಕು, ಕೆಳಗೆ ಹೆಚ್ಚುಕಡಿಮೆ ಕತ್ತಲು. ಹಾಗಾಗಿ ಎಷ್ಟು ಚಳಿ ಬಿತ್ತು ಎನ್ನುವುದಕ್ಕಿಂತ ಎಷ್ಟು ಹಿಮ ಬಿತ್ತು, ಗಾಳಿ ಅದನ್ನು ಗುಡಿಸಿಕೊಂಡು ಹೋಯಿತೇ ಎನ್ನುವುದೇ ಮುಖ್ಯ.

ಸೈಬೀರಿಯಾದ ಬೈಕಲ್ ಸರೋವರ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಸುಮಾರು ಒಂದು ಮೀಟರ್ ದಪ್ಪದ ಗಡ್ಡೆಯ ಕೆಳಗೂ ಡಯಾಟಮ್ ಎಂಬ ಪಾಚಿ ದಟ್ಟವಾಗಿ ಬೆಳೆಯುವ ವರ್ಷಗಳಿವೆ. ಡಯಾಟಮ್‌ನ ಮೈಮೇಲೆ ಗಾಜಿನಂಥ ಸಿಲಿಕಾ ಚಿಪ್ಪು. ಭಾರ, ಸುಮ್ಮನಿದ್ದರೆ ಮುಳುಗಿಹೋಗುತ್ತದೆ. ಗಡ್ಡೆಯಿದ್ದ ಮೇಲೆ ನೀರು ಕಲಕಲು ಗಾಳಿಯೂ ಇಲ್ಲ. ಆಗ ಆ ಕೆಲಸವನ್ನು ಬಿಸಿಲೇ ಮಾಡುತ್ತದೆ. ಗಡ್ಡೆಯ ಕೆಳಗಿನ ನೀರು ಬಿಸಿಲಿಗೆ ತುಸು ಬೆಚ್ಚಗಾದರೆ 4 ಡಿಗ್ರಿಯ ಕಡೆಗೆ ಸರಿದು ಭಾರವಾಗಿ ಇಳಿಯುತ್ತದೆ, ತಣ್ಣನೆಯದು ಮೇಲೇರುತ್ತದೆ. ಬೆಚ್ಚನೆ ನೀರು ಮುಳುಗುವುದೆಂದರೆ ನಮ್ಮ ಒಲೆಯ ಮೇಲಿನ ಪಾತ್ರೆಗೆ ತೀರಾ ಉಲ್ಟಾ! ಈ ತಿರುಗಾಟದಲ್ಲಿ ಡಯಾಟಮ್ ತೇಲಿಕೊಂಡಿರುತ್ತದೆ.

ಗಡ್ಡೆಯೇ ಇಲ್ಲದಿದ್ದರೆ ಪಾಚಿಗೆ ಇನ್ನೂ ಅನುಕೂಲ ಅನ್ನಿಸಬಹುದು. ಅಮೆರಿಕ-ಕೆನಡಾ ಗಡಿಯ ಈರಿ ಸರೋವರದಲ್ಲಿ ಹಾಗಾಗಲಿಲ್ಲ. 2012ರ ಚಳಿಗಾಲದಲ್ಲಿ ಅಲ್ಲಿ ಗಡ್ಡೆ ಬಹುತೇಕ ಕಟ್ಟಲಿಲ್ಲ; ಗಾಳಿಗೆ ಕೆಸರು ಎದ್ದು ನೀರು ಬಗ್ಗಡವಾಯಿತು, ಗಡ್ಡೆಯಿದ್ದ ವರ್ಷಗಳ ಡಯಾಟಮ್ ರಾಶಿ ಕಾಣಲಿಲ್ಲ.

ಹಿಮದ ಪರದೆ ಬಹಳ ದಿನ ಮುಚ್ಚಿದರೆ ಮಾತ್ರ ಅಕ್ಕನ ಗಾಬರಿ ನಿಜವಾಗುತ್ತದೆ, ಅದರಲ್ಲೂ ಆಳವಿಲ್ಲದ ಕೊಳಗಳಲ್ಲಿ. ಪಾಚಿ ಆಮ್ಲಜನಕ ಬಿಡುವುದನ್ನು ನಿಲ್ಲಿಸುತ್ತದೆ, ಮೇಲಿನ ಗಾಳಿ ಒಳಗೆ ಬರುವಂತಿಲ್ಲ, ತಳದಲ್ಲಿ ಕೊಳೆಯುವುದು ಇರುವುದನ್ನೂ ಹೀರುತ್ತದೆ. ಗಡ್ಡೆ ಕರಗಿದಾಗ ಸತ್ತ ಮೀನು ತೇಲುತ್ತದೆ. ಅದಕ್ಕೇ ಮೀನು ಸಾಕುವವರು ಅಲ್ಲಿ ಕೊಳದ ಮೇಲಿನ ಹಿಮವನ್ನು ಪಟ್ಟೆಪಟ್ಟೆಯಾಗಿ ಬಳಿದು ಬೆಳಕಿಗೆ ದಾರಿ ಮಾಡುತ್ತಾರೆ.

ಇದು ನಮಗೆ ದೂರದ ಕತೆಯಲ್ಲ. ಸೈಕ್ಲೋನ್ ಹಿಡಿದು ಮೂರ್ನಾಲ್ಕು ದಿನ ಮೋಡ ಮುಚ್ಚಿದಾಗ ಕಾಟ್ಲಾ, ರೋಹು ಬಿಟ್ಟ ಹೊಂಡದಲ್ಲಿ ನಸುಕಿಗೆ ಮೀನು ಮೇಲೆ ಬಂದು ಬಾಯಿ ಬಿಡುವುದು ಇದೇ ಕಾರಣಕ್ಕೆ. ಹಿಮದ ಜಾಗದಲ್ಲಿ ಮೋಡ, ಅಷ್ಟೆ. 0 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 14.6 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 25 ಡಿಗ್ರಿಯದು 8.3 ಮಾತ್ರ. ನಮ್ಮ ಮೀನಿಗೆ ಉಳಿತಾಯವೇ ಕಡಿಮೆ. ಗದ್ದೆ, ಕಬ್ಬಿನ ತೋಟದಿಂದ ಬಸಿದು ಬರುವ ಗೊಬ್ಬರ ಪಾಚಿಯನ್ನು ಇನ್ನಷ್ಟು ಕೊಬ್ಬಿಸುತ್ತದೆ. ಕೊಬ್ಬಿದ ಪಾಚಿ ರಾತ್ರಿಯಿಡೀ ತಾನೂ ಉಸಿರಾಡುತ್ತದೆ. ಬೇಸಿಗೆಯಲ್ಲಿ ಮೆಂಡೋಟಾ ಹಸಿರಾಗುವುದಕ್ಕೂ ಸುತ್ತಲ ಹೊಲಗಳ ಗೊಬ್ಬರವೇ ಮುಖ್ಯ ಕಾರಣ.

ಹೊಂಡದ ಸ್ಥಿತಿ ತಿಳಿಯಲು ಒಂದು ಬಿಳಿ ತಟ್ಟೆ, ಕಲ್ಲು, ಹಗ್ಗ ಸಾಕು. ಇಟಲಿಯ ಪಾದ್ರಿ ಸೆಕ್ಕಿ 1865ರಲ್ಲಿ ಸಮುದ್ರಕ್ಕೆ ಇಳಿಬಿಟ್ಟದ್ದೂ ಇಂಥದೇ ಬಿಲ್ಲೆಯನ್ನು. ತಟ್ಟೆಗೆ ಕಲ್ಲು ಕಟ್ಟಿ, ಮಧ್ಯಾಹ್ನದ ಬಿಸಿಲಲ್ಲಿ ಇಳಿಸಿ. ನೀರು ಕೆಸರಾಗಿರದೆ ಹಸಿರಾಗಿದ್ದು, ಒಂದು ಗೇಣು ಇಳಿಯುವುದರೊಳಗೆ ತಟ್ಟೆ ಮರೆಯಾದರೆ ಪಾಚಿ ಮಿತಿಮೀರಿದೆ. ಮೋಡ ಮುಚ್ಚಿದ ದಿನ ಮೀನಿಗೆ ಮೇವು ಹಾಕಬೇಡಿ, ಸಗಣಿ ಗೊಬ್ಬರವನ್ನೂ ಸುರಿಯಬೇಡಿ. ಕೋಳಿ ಕೂಗುವ ಹೊತ್ತಿಗೆ ಪಂಪ್ ಹಾಕಿ ಹೊಂಡದ ನೀರನ್ನೇ ಮೇಲಿಂದ ಚಿಮ್ಮಿಸಿ, ಬಿಸಿಲೇರುವವರೆಗೆ ನಿಲ್ಲಿಸಬೇಡಿ.