ಪರದೇಶಕ್ಕೆ ಹೊಂಟೀರಾ? ಪಾಸ್‌ಪೋರ್ಟು ಕೈಯಾಗಿರಲಿ!

ಗುಳೆ ಅಂದರೆ ನಮ್ಮ ಕಡೇಚೂರು ಸೀಮೆಯವರಿಗೆ ಬೆಂಗಳೂರು, ಪುಣೆ, ಮುಂಬಯಿ. ಆದರೆ ಹುಣಸೂರು, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾದ ಸೂಡಾನ್‌ವರೆಗೂ ಹೋಗಿದ್ದರು!

2023ರ ಏಪ್ರಿಲ್ 15ರಂದು ರಾಜಧಾನಿ ಖಾರ್ಟೂಮ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ಎಲ್ ಫಾಷರ್ ಊರಲ್ಲಿದ್ದ ನಮ್ಮವರು ಬಾಗಿಲು ಹಾಕಿಕೊಂಡು ಅನ್ನ-ನೀರಿಗೆ ಪರದಾಡಿದರು. ಖಾರ್ಟೂಮ್‌ನಲ್ಲಿ ಮನೆಯೊಳಗಿದ್ದ ಕೇರಳದವನೊಬ್ಬ ಹಾರಿ ಬಂದ ಗುಂಡಿಗೆ ಜೀವ ತೆತ್ತ.

ಕೇಂದ್ರ ಸರಕಾರ ‘ಆಪರೇಷನ್ ಕಾವೇರಿ’ ಆರಂಭಿಸಿತು. 800 ಕಿ.ಮೀ.ಗೂ ಮಿಕ್ಕಿ ದೂರದ ಪೋರ್ಟ್ ಸೂಡಾನ್‌ಗೆ ಬಸ್ಸು, ಅಲ್ಲಿಂದ ಜೆಡ್ಡಾಕ್ಕೆ ಹಡಗು, ಆಮೇಲೆ ವಿಮಾನ. ಹೀಗೆ 3,800ಕ್ಕೂ ಹೆಚ್ಚು ಭಾರತೀಯರು ಪಾರಾದರು.

ಪಾಠ ಏನ್ರಿ? ಪಾಸ್‌ಪೋರ್ಟು ಮಾಲೀಕನ ಪೆಟ್ಟಿಗೆ ಸೇರಬಾರದು. ಅದರ ನಕಲು ಊರ ಮನೆಯಲ್ಲೂ ಇರಲಿ. ಇಳಿದ ಕೂಡಲೇ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ ಬರೆಸಿ. ಪಟ್ಟಿಯಲ್ಲಿ ಹೆಸರೇ ಇಲ್ಲದವನನ್ನು ಎಲ್ಲಂತ ಹುಡುಕ್ಯಾರು? ದುಡ್ಡೆಲ್ಲ ಒಂದೇ ಜೇಬಿನಲ್ಲಿ ಬ್ಯಾಡ. ಬಜಾರದಾಗ ನಿಂತು ನೋಟು ಎಣಿಸಬ್ಯಾಡ್ರಿ. ಕತ್ತಲಾದ ಮೇಲೆ ಗೊತ್ತಿಲ್ಲದ ಗಲ್ಲಿಗೆ ಕಾಲಿಡಬ್ಯಾಡ್ರಿ. ಗುಂಡಿನ ಸದ್ದು ಕೇಳಿದರೆ ಕಿಟಕಿಗೆ ಓಡಬ್ಯಾಡ್ರಿ. ಒಳಕೋಣೆಯಲ್ಲಿ ನೆಲಕ್ಕೆ ಮಲಗ್ರಿ.

ಇನ್ನೊಂದು ಮಾತು. ಹತ್ತನೇ ಇಯತ್ತೆ ಪಾಸಾಗದವರು ಸೂಡಾನ್ ಸೇರಿ 18 ದೇಶಗಳಿಗೆ ನೌಕರಿಗೆ ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಬೇಕು. ‘ಅದೆಲ್ಲ ಯಾಕ್ರಿ, ವಿಸಿಟ್ ವೀಸಾದ ಮ್ಯಾಲೆ ಕಳಸ್ತೀನಿ’ ಅನ್ನುವ ಏಜೆಂಟನಿಗೆ ದೂರದಿಂದಲೇ ಶರಣು ಹೇಳಿ. ಅವನಿಗೆ ಬೇಕಾದದ್ದು ಕಮಿಷನ್. ನಾಳೆ ಗುಂಡು ಹಾರಿದರೆ ಅವನ ಫೋನು ಬಂದ್!