ಮನೆಯೊಳಗೆ ಒಂದು ತುಂಡು ಬಿಸಿಲು

1780ರಲ್ಲಿ ಸೋದರತ್ತೆ ತೀರಿಕೊಂಡ ಮೇಲೆ ಅವರು ಸಾಕಿದ್ದ ಆಮೆ ಇಂಗ್ಲೆಂಡಿನ ಸೆಲ್‌ಬೋರ್ನ್ ಹಳ್ಳಿಯ ಪಾದ್ರಿ, ನಿಸರ್ಗ ಲೇಖಕ ಗಿಲ್ಬರ್ಟ್ ವೈಟ್ ಅವರ ಪಾಲಿಗೆ ಬಂತು. ಟಿಮೊಥಿ ಅದರ ಹೆಸರು. ಚಳಿ ಹತ್ತಿರವಾದಂತೆ ಅದು ತೋಟದ ಗೋಡೆಗೆ ಚಿಪ್ಪನ್ನು ಓರೆಯಾಗಿ ಆನಿಸಿ, ಕ್ಷೀಣ ಬಿಸಿಲೂ ಬೆನ್ನಿಗೆ ನೇರವಾಗಿ ಬೀಳುವಂತೆ ನಿಲ್ಲುತ್ತಿತ್ತು. ವೈಟ್ ಇದನ್ನು ಗಮನಿಸಿ ಬರೆದಿಟ್ಟಿದ್ದಾರೆ.

ಆಮೆ ತನ್ನ ಮೈಯ ಕಾವನ್ನು ತಾನೇ ಕಾಯ್ದುಕೊಳ್ಳಲಾರದು. ಚಳಿಯಾದರೆ ಬಿಸಿಲಿಗೆ ನಡೆಯುತ್ತದೆ, ಸೆಕೆಯಾದರೆ ನೆರಳಿಗೆ. ತಿಂದದ್ದು ಅರಗುವುದೂ ಈ ಓಡಾಟವನ್ನೇ ನೆಚ್ಚಿದೆ. ಒಳಗೆಲ್ಲ ಒಂದೇ ಹದದಲ್ಲಿ ಬೆಚ್ಚಗಿರುವ ಪೆಟ್ಟಿಗೆ ನಮ್ಮ ಕಣ್ಣಿಗೆ ಎಷ್ಟೇ ಚಂದ ಕಂಡರೂ ಆಮೆಗೆ ಸೆರೆಮನೆಯೇ.

ಇಲ್ಲಿ ಹೇಳುತ್ತಿರುವುದು ಬ್ರಿಟನ್ನಿನಲ್ಲಿ ಹರ್ಮನ್ ಆಮೆ ಸಾಕಲು ಹೊರಟವರಿಗೆ. ಅಲ್ಲಿ ನೆಲೆಸಿರುವ ಕನ್ನಡಿಗರೂ ಅವರಲ್ಲಿರಬಹುದು. ನಮ್ಮಲ್ಲಿ ಕದ್ದುಮುಚ್ಚಿ ಮಾರುವ ನಕ್ಷತ್ರ ಆಮೆಯನ್ನು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದೃಷ್ಟಕ್ಕೆಂದು ಕೊಂಡರೂ ಅಷ್ಟೇ, ಮಕ್ಕಳ ಆಸೆಗೆಂದು ಕೊಂಡರೂ ಅಷ್ಟೇ. ಮೆಡಿಟರೇನಿಯನ್ ತೀರದ ಹರ್ಮನ್ ಆಮೆಯೂ ಇಂಥ ಸಂಕಟ ಉಂಡಿದೆ. 1984ರಲ್ಲಿ ನಿಷೇಧ ಬರುವ ತನಕ ಅದನ್ನೂ ಅದರ ಬಳಗದ ಇತರ ಆಮೆಗಳನ್ನೂ ಕಾಡಿನಿಂದ ಹಿಡಿದು ರಾಶಿಗಟ್ಟಲೆ ಬ್ರಿಟನ್ನಿಗೆ ಸಾಗಿಸುತ್ತಿದ್ದರು. ಎಷ್ಟೋ ಜೀವಗಳು ಮೊದಲ ಚಳಿಗಾಲವನ್ನೇ ದಾಟಲಿಲ್ಲ. ಈಗ ಅಲ್ಲಿ ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು ಪ್ರಮಾಣಪತ್ರದೊಂದಿಗೆ ಮಾರುತ್ತಾರೆ. ಆ ಕಾಗದ ನೋಡದೆ ಕೊಳ್ಳಬೇಡಿ.

ಮರಿ ಬರುವ ಮೊದಲೇ ಜಾಗ ಸಿದ್ಧವಿರಲಿ. ಗಾಜಿನ ತೊಟ್ಟಿಗಿಂತ ಮೇಲೆ ತೆರೆದಿರುವ ಮರದ ಪೆಟ್ಟಿಗೆಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಗಾಜು ಅಡ್ಡವಿದೆಯೆಂದು ಆಮೆಗೆ ಹೊಳೆಯುವುದಿಲ್ಲ. ಆಚೆ ಕಾಣುವ ಕಡೆಗೆ ಹೋಗಲು ದಿನವಿಡೀ ಒದ್ದಾಡುತ್ತದೆ. ಮರಿಗೆ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲವಾದರೂ ಬೇಕು. ಬೆಳೆದಂತೆ ಅದೂ ಸಾಲದು.

ಒಂದು ತುದಿಯಲ್ಲಿ ಕಾವಿನ ದೀಪ ತೂಗುಹಾಕಿ, ಕೆಳಗೆ ಚಪ್ಪಟೆ ಕಲ್ಲೊಂದನ್ನಿಡಿ. ಆಮೆಯ ಬೆನ್ನಿನ ಎತ್ತರದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಲಿ, ಇನ್ನೊಂದು ತುದಿಯಲ್ಲಿ 20ರ ಆಸುಪಾಸು. ಕೈಯಿಟ್ಟು ಅಂದಾಜು ಮಾಡಿದರೆ ಆಗದು, ಎರಡೂ ಕಡೆ ಥರ್ಮಾಮೀಟರ್ ಬೇಕು. ತಂಪಿನ ತುದಿಯಲ್ಲಿ ಹೂಕುಂಡವೊಂದನ್ನು ಅಡ್ಡ ಮಲಗಿಸಿ ಅರ್ಧ ಹೂತರೆ ಅಡಗುವ ತಾಣವಾಯಿತು.

ಕಾವು ಒಂದೇ ಸಾಕಾಗುವುದಿಲ್ಲ. ಬಿಸಿಲಿನಲ್ಲಿರುವ ಯುವಿಬಿ ಕಿರಣ ಚರ್ಮಕ್ಕೆ ತಾಗಿದರೆ ಮಾತ್ರ ಆಮೆಯ ಮೈಯಲ್ಲಿ ಡಿ3 ಜೀವಸತ್ವ ಹುಟ್ಟುತ್ತದೆ. ಅದಿಲ್ಲದೆ ತಿಂದ ಸುಣ್ಣದ ಅಂಶ ಮೂಳೆ ಸೇರುವುದಿಲ್ಲ. ಚಿಪ್ಪು ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಆಮೆಯದು ಮೌನದ ನೋವು, ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಕಿಟಕಿಯ ಬಿಸಿಲು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಸರೀಸೃಪಗಳಿಗೆಂದೇ ಮಾಡಿದ ಟ್ಯೂಬ್ ಹಾಕಿ ದಿನಕ್ಕೆ ಸುಮಾರು 12 ಗಂಟೆ ಉರಿಸಿ. ಬೆಳಕು ಕಾಣುತ್ತಿದ್ದರೂ ಅದರ ಯುವಿಬಿ ಬರಬರುತ್ತ ಕುಂದುವುದರಿಂದ ಸುಮಾರು ವರ್ಷಕ್ಕೊಮ್ಮೆ ಬದಲಿಸಬೇಕು. ದುಬಾರಿ ಅನ್ನಿಸಬಹುದು. ಆದರೆ ಇದರಲ್ಲಿ ಉಳಿತಾಯ ನೋಡುವವರು ಆಮೆ ತರದಿರುವುದೇ ಮೇಲು.

ತಳಕ್ಕೆ ಗೊಬ್ಬರ, ಕೀಟನಾಶಕ ಸೋಕದ ಮಣ್ಣಿಗೆ ಒಂದಿಷ್ಟು ಮರಳು ಬೆರೆಸಿ, ಮರಿ ಹೂತುಕೊಳ್ಳುವಷ್ಟು ದಪ್ಪ ಹಾಸಿ. ಅಡಿಯ ಮಣ್ಣಿನಲ್ಲಿ ತೇವವಿರಲಿ. ಒಣ ಹವೆಯಲ್ಲಿ ಬೆಳೆದ ಮರಿಯ ಚಿಪ್ಪು ಗುಬ್ಬುಗುಬ್ಬಾಗಿ ಏಳುತ್ತದೆ, ಮತ್ತೆ ನೇರವಾಗುವುದಿಲ್ಲ. ನೀರಿನ ತಟ್ಟೆ ಆಳವಿಲ್ಲದ್ದು, ಆಮೆ ತಾನೇ ಹತ್ತಿ ಇಳಿಯುವಂಥದ್ದು ಇರಲಿ. ಮೇವಿಗೆ ದಂಡೇಲಿಯನ್, ಕ್ಲೋವರ್‌ನಂಥ ಕಳೆಸೊಪ್ಪು, ಜೊತೆಗೆ ದಾಸವಾಳದ ಎಲೆ, ಹೂವು. ಹಣ್ಣು ಬೇಡ. ಜೊತೆಗಿರಲೆಂದು ಇನ್ನೊಂದು ಆಮೆಯೂ ಬೇಡ. ಗಂಡುಗಳು ಕಚ್ಚಾಡುತ್ತವೆ, ಮಗುಚಿಬಿದ್ದದ್ದು ದೀಪದಡಿಯಲ್ಲೇ ಬೆಂದು ಸಾಯಬಹುದು.

ಇಷ್ಟೆಲ್ಲ ಮಾಡಿದರೂ ದೀಪ ಸೂರ್ಯನಿಗೆ ಸಮವಲ್ಲ. ಬೆಚ್ಚನೆಯ ಹಗಲಿದ್ದಾಗ ಹಿತ್ತಿಲಿಗೆ ಬಿಡಿ. ಬೇಲಿಯ ಬುಡ ಮಣ್ಣಿನೊಳಗೆ ಇಳಿದಿರಲಿ, ಆಮೆ ಅಗೆದು ನುಸುಳುತ್ತದೆ. ನರಿ, ಕಾಗೆ, ನಾಯಿಗಳ ಭಯಕ್ಕೆ ಮೇಲೆ ಗಟ್ಟಿ ತಂತಿ ಬಲೆ ಹೊದಿಸಿ, ಒಂದು ಮೂಲೆಯಲ್ಲಿ ನೆರಳು ಮಾಡಿಡಿ.