ಹೋಲಾ ಶಿಬಿರದ ಪ್ರಕರಣ: ಸೆರೆಮನೆಯಲ್ಲಿ ಬಲಪ್ರಯೋಗ ಮತ್ತು ಅದರ ವಿಚಾರಣೆ

ಸೆರೆಮನೆಯ ಅಧಿಕಾರಿಗಳು ಬಲವನ್ನು ಪ್ರಯೋಗಿಸಲೇಬಾರದೆಂದು ಕಾನೂನು ಹೇಳುವುದಿಲ್ಲ. ಬಂದಿಯ ಪಲಾಯನವನ್ನು ತಡೆಯುವುದಕ್ಕೂ ಆತ್ಮರಕ್ಷಣೆಗೂ ಅದು ಅಗತ್ಯವಾಗಬಹುದು. ಆದರೆ ಬಲಕ್ಕೆ ಮಿತಿ ಯಾವುದು, ಅದಕ್ಕೆ ಆಜ್ಞೆಯಿತ್ತವರು ಯಾರು, ಅನಂತರ ಅದನ್ನು ವಿಚಾರಿಸತಕ್ಕವರು ಯಾರು ಎಂಬ ಮೂರು ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಇವುಗಳನ್ನು ಕೀನ್ಯಾ ದೇಶದ ಹೋಲಾ ಶಿಬಿರದ ಪ್ರಕರಣದ ಮೂಲಕ ಇಲ್ಲಿ ಪರಿಶೀಲಿಸುತ್ತೇವೆ.

ಮೌ ಮೌ ಬಂಡಾಯವನ್ನು ಅಡಗಿಸಲೆಂದು ಬ್ರಿಟಿಷ್ ವಸಾಹತು ಸರ್ಕಾರವು 1952ರ ಅಕ್ಟೋಬರಿನಲ್ಲಿ ತುರ್ತುಪರಿಸ್ಥಿತಿಯನ್ನು ಘೋಷಿಸಿ, ಸಹಸ್ರಾರು ಜನರನ್ನು, ಬಹುಮಟ್ಟಿಗೆ ಕಿಕುಯು ಜನಾಂಗದವರನ್ನು, ನ್ಯಾಯವಿಚಾರಣೆಯಿಲ್ಲದೆ ಬಂಧಿಸಿತು. ಯಾವ ಶಿಬಿರದಲ್ಲಿಯೂ ಮಣಿಯದವರನ್ನು ತಾನಾ ನದಿಯ ಸಮೀಪದ ಹೋಲಾಕ್ಕೆ ಕಳುಹಿಸಲಾಯಿತು. ಅಲ್ಲಿ ಹಲವರು ದುಡಿಯಲು ನಿರಾಕರಿಸಿದರು. ಆಗ ಕೊವನ್ ಎಂಬ ಹಿರಿಯ ಸೆರೆಮನೆ ಅಧಿಕಾರಿಯು ಒಂದು ಯೋಜನೆಯನ್ನು ರೂಪಿಸಿದನು: ಬಂದಿಗಳನ್ನು ಸಣ್ಣ ಗುಂಪುಗಳಾಗಿ ಕೆಲಸದ ಸ್ಥಳಕ್ಕೆ ಒಯ್ಯತಕ್ಕದ್ದು, ಒಪ್ಪದವರನ್ನು ಬಲಾತ್ಕಾರದಿಂದ ಕೆಲಸಕ್ಕೆ ಹಚ್ಚತಕ್ಕದ್ದು. ಆ ಬಲಾತ್ಕಾರವು ಎಲ್ಲಿಗೆ ನಿಲ್ಲಬೇಕೆಂಬುದನ್ನು ಮಾತ್ರ ಯೋಜನೆಯು ಸ್ಪಷ್ಟಪಡಿಸಲಿಲ್ಲ.

1959ರ ಮಾರ್ಚಿ 3ರಂದು 85 ಮಂದಿಯನ್ನು ಕೆಲಸಕ್ಕೆ ಹೊರಡಿಸಿದರು. ಕಾವಲುಗಾರರ ದೊಣ್ಣೆಯ ಏಟುಗಳಿಂದ 11 ಮಂದಿ ಸತ್ತರು. ಮರುದಿನದ ಸರ್ಕಾರಿ ಪ್ರಕಟಣೆಯಾದರೋ, ನೀರಿನ ಬಂಡಿಯಿಂದ ನೀರು ಕುಡಿದ ಬಳಿಕ ಮರಣಗಳು ಸಂಭವಿಸಿದವೆಂದು ಸಾರಿತು. ಹೊಡೆತದ ಮಾತು ಅದರಲ್ಲಿರಲಿಲ್ಲ.

ಸುಳ್ಳನ್ನು ಬಯಲಿಗೆಳೆದುದು ಮರಣವಿಚಾರಣೆ. ಹಿಂಸೆಯಿಂದಾದ ಗಾಯಗಳೂ ರಕ್ತಸ್ರಾವವೂ ಮರಣಕ್ಕೆ ಕಾರಣವೆಂದು ಮ್ಯಾಜಿಸ್ಟ್ರೇಟರು ನಿರ್ಣಯಿಸಿದರು. ಆದರೆ ಯಾವ ಏಟು ನ್ಯಾಯಸಮ್ಮತ, ಯಾವುದು ಅಲ್ಲ, ಯಾವುದನ್ನು ಯಾರು ಹೊಡೆದರು ಎಂಬುದನ್ನು ನಿಸ್ಸಂದೇಹವಾಗಿ ಬೇರ್ಪಡಿಸಲು ಅವರಿಗೆ ಸಾಧ್ಯವಾಗಲಿಲ್ಲ. ಕೊಲೆಯ ಮೊಕದ್ದಮೆಯು ಯಾರ ಮೇಲೂ ನಡೆಯಲಿಲ್ಲ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮಿತಿಯನ್ನು ಮೊದಲೇ ಗೊತ್ತುಪಡಿಸದೆ ಬಲವನ್ನು ಪ್ರಯೋಗಿಸಿದಲ್ಲಿ, ಮಿತಿಮೀರಿದವನನ್ನು ಅನಂತರ ಗುರುತಿಸುವುದು ದುಸ್ತರವಾಗುತ್ತದೆ. ಆಜ್ಞೆಯ ಅಸ್ಪಷ್ಟತೆಯೇ ಅಪರಾಧಿಗೆ ಆಶ್ರಯವಾಗುತ್ತದೆ.

ಜುಲೈ ತಿಂಗಳಿನಲ್ಲಿ ಈ ವಿಷಯವು ಬ್ರಿಟಿಷ್ ಕಾಮನ್ಸ್ ಸಭೆಯಲ್ಲಿ ಚರ್ಚೆಗೆ ಬಂದಿತು. ಆಳುವ ಪಕ್ಷದವರೇ ಆದ ಈನಕ್ ಪೊವೆಲ್ಲರು ಹೊಣೆಗಾರಿಕೆಯು ಶಿಬಿರದ ಅಧಿಕಾರಿಯೊಬ್ಬನಲ್ಲಿ ಕೊನೆಗೊಳ್ಳಲಾರದೆಂದೂ, ಆಫ್ರಿಕದಲ್ಲಿ ಒಂದು ನೀತಿ, ಸ್ವದೇಶದಲ್ಲಿ ಮತ್ತೊಂದು ನೀತಿ ಸಲ್ಲದೆಂದೂ ವಾದಿಸಿದರು. 1960ರ ಜನವರಿಯಲ್ಲಿ ತುರ್ತುಪರಿಸ್ಥಿತಿಯು ಕೊನೆಗೊಂಡಿತು.

ಕೀನ್ಯಾದ ಶಿಬಿರಗಳ ವಿಚಾರವು ಅಲ್ಲಿಗೇ ಮುಗಿಯಲಿಲ್ಲ. ಬಹುಕಾಲ ಮರೆಯಾಗಿದ್ದ ವಸಾಹತು ಕಡತಗಳು 2011ರಲ್ಲಿ ಬೆಳಕಿಗೆ ಬಂದವು. 2013ರ ಜೂನ್ ತಿಂಗಳಿನಲ್ಲಿ ಬ್ರಿಟಿಷ್ ಸರ್ಕಾರವು ವಿಷಾದವನ್ನು ಸೂಚಿಸಿ, ತುರ್ತುಪರಿಸ್ಥಿತಿಯ ಕಾಲದಲ್ಲಿ ಹಿಂಸೆಗೆ ತುತ್ತಾದವರ ಪೈಕಿ 5,228 ಅರ್ಜಿದಾರರಿಗಾಗಿ 19.9 ದಶಲಕ್ಷ ಪೌಂಡುಗಳನ್ನು ಕೊಡಲೊಪ್ಪಿತು. ಹೋಲಾದ ಘಟನೆಯಿಂದ ಅಲ್ಲಿಗೆ ಐವತ್ತನಾಲ್ಕು ವರ್ಷಗಳು ಸಂದಿದ್ದವು. ನೊಂದವರಲ್ಲಿ ಎಷ್ಟೋ ಮಂದಿ ಅದನ್ನು ಕಾಣಲು ಉಳಿದಿರಲಿಲ್ಲ. ಬಲಪ್ರಯೋಗದ ವಿಚಾರಣೆಯು ಸ್ವತಂತ್ರವಾಗಿದ್ದರಷ್ಟೇ ಸಾಲದು, ಸಕಾಲದಲ್ಲಿಯೂ ನಡೆಯಬೇಕೆಂಬುದು ಇದರಿಂದ ವಿಶದವಾಗುತ್ತದೆ.